ಕರುಣವ್ವನ ವರ್ಗಪತ್ರ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಹೋದ ತಿಂಗಳು ಜಮಖಂಡಿಯ ನನ್ನ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಎರಡು ಮಾತು ಕೇಳಿದರು. ದಿನಕ್ಕೆ ಎಷ್ಟು ಮನೆಗೆ ಹೋಗಬೇಕು? ಯಾರ ಮಾತು ಕೇಳಿ ನಡೆಯಬೇಕು? ಮೊದಲನೆಯದಕ್ಕೆ ಉತ್ತರ ಸುಲಭ. ಎಷ್ಟು ಮನೆಯವರು ಒಳಗೆ ಕರೆಯುತ್ತಾರೋ ಅಷ್ಟು. ಎರಡನೆಯದಕ್ಕೆ ಅಲ್ಲೇ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಬರೆಯಲು ಕುಳಿತೆ.

ನಾನು ನಾಲ್ಕನೆಯ ಇಯತ್ತೆ ದಾಟಿದವಳಲ್ಲ. ಓದಲು ಕಲಿತದ್ದು ಸತ್ಯವೇದದಲ್ಲಿ, ಬರೆಯಲು ಕಲಿತದ್ದು ಹಾಜರಿ ಪುಸ್ತಕದಲ್ಲಿ. ಈ ಬರಹವನ್ನು ನಮ್ಮ ಸ್ತ್ರೀ ಸಂಘದ ಟೀಚರ್ ಒಬ್ಬಳು ತಿದ್ದಿಕೊಟ್ಟಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೆ. ಅಲ್ಲಲ್ಲಿ ಮಾತನ್ನೂ ತಿದ್ದಿದ್ದಾಳೆ. ಇರಲಿ.

ಕಾಗದದ ಮೇಲೆ ನಾನು ಸಭಾ ಸೇವಕಿ. ಜನ ಕರೆದದ್ದು ಬೈಬಲ್ ಬಾಯಿ ಎಂದು. ಹೆಸರು ಎಸ್ತೆರವ್ವ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ನಮ್ಮ ಸಣ್ಣ ಸಣ್ಣ ಸಭೆಗಳು. ನಾಲ್ಕಕ್ಕೂ ಪಾಸ್ಟರ್ ಒಬ್ಬರೇ. ಅವರ ವಾಸ ಜಮಖಂಡಿಯಲ್ಲಿ. ತಿಂಗಳಿಗೆ ಒಂದು ಭಾನುವಾರ ಒಂದು ಊರು. ದೀಕ್ಷಾಸ್ನಾನ, ಮದುವೆ, ಕರ್ತನ ಭೋಜನ ಅವರ ಕೈಯಿಂದಲೇ ಆಗಬೇಕು. ಉಳಿದ ಭಾನುವಾರ ಆಯಾ ಊರಿನ ಹಿರಿಯರು ಪ್ರಾರ್ಥನೆ ನಡೆಸುತ್ತಾರೆ. ಹಿರಿಯರೆಂದರೆ ವಯಸ್ಸಾದವರಲ್ಲ. ಸಭೆಯವರು ಮೂರು ವರ್ಷಕ್ಕೊಮ್ಮೆ ಕೈ ಎತ್ತಿ ಆರಿಸಿದವರು. ಅವರಲ್ಲೊಬ್ಬರು ಸೆಕ್ರೆಟರಿ. ಅವರ ಮೇಲೆ ನಾಲ್ಕೂ ಊರಿನ ಕಮಿಟಿ, ಅದರ ಮೇಲೆ ವಲಯದ ಕಚೇರಿ, ಎಲ್ಲರ ಮೇಲೆ ಬಿಷಪ್ಪರು. ಕೆಳಗಿನಿಂದ ಅರ್ಜಿ ಹತ್ತುತ್ತದೆ, ಮೇಲಿನಿಂದ ಆದೇಶ ಇಳಿಯುತ್ತದೆ. ಆ ಏಣಿಯ ಕೊನೆಯ ಮೆಟ್ಟಿಲು ನಾನು. ನನ್ನ ಕೆಳಗೆ ನೆಲ.

ಮನೆ ಮನೆಗೆ ಹೋಗುವುದಕ್ಕೂ ಒಂದು ರೀತಿ ಇದೆ. ಅದನ್ನು ಯಾರೂ ಕಲಿಸುವುದಿಲ್ಲ. ಬನಹಟ್ಟಿಯಲ್ಲಿ ಮಗ್ಗ ನಡೆಯುತ್ತಿರುವಾಗ ಹೋದರೆ ಕೂಗಿ ಪ್ರಾರ್ಥನೆ ಮಾಡಿದರೂ ಪಕ್ಕದವಳಿಗೆ ಕೇಳಿಸುವುದಿಲ್ಲ. ಕರೆಂಟು ಹೋದ ಕೂಡಲೇ ಇಡೀ ಓಣಿ ಉಸಿರು ಬಿಡುತ್ತದೆ, ಹೆಂಗಸರು ಹೊರಗೆ ಬರುತ್ತಾರೆ. ಅದೇ ನಮ್ಮ ಹೊತ್ತು. ಯಾವ ಓಣಿಯಲ್ಲಿ ಎಷ್ಟು ಗಂಟೆಗೆ ಕರೆಂಟು ಹೋಗುತ್ತದೆ ಎಂಬುದು ಪಾಸ್ಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮುಧೋಳದ ಕಡೆ ಕಬ್ಬು ಕಡಿಯುವ ದಿನಗಳಲ್ಲಿ ಮನೆಗೆ ಹೋದರೆ ಬಾಗಿಲಿಗೆ ಬೀಗ, ಅಂಗಳದಲ್ಲಿ ನಾಯಿ. ಹೊಲಕ್ಕೇ ಹೋಗಿ ಅವರು ಬುತ್ತಿ ಬಿಚ್ಚುವ ತನಕ ಕಾಯಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ವಾಟ್ಸಾಪಿನಲ್ಲಿ ಮುಂಜಾನೆ ಒಂದು ವಚನ ಹಾಕಿದರೆ ನಾಲ್ಕೂ ಊರಿಗೆ ಮುಟ್ಟುತ್ತದೆ. ಮುಟ್ಟಲಿ. ಹೆಣ ತೊಳೆಯಲು, ಬಾಣಂತಿಯ ಹತ್ತಿರ ಕೂರಲು, ಅತ್ತೆ ಸೊಸೆಯ ನಡುವೆ ನಿಲ್ಲಲು ಈಗಲೂ ಕಾಲೇ ಬೇಕು.

ಇನ್ನೊಂದು ಕೆಲಸವಿತ್ತು. ಕಾಗದ ಒಯ್ಯುವುದು. ಒಬ್ಬರು ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋದರೆ ಹಳೆಯ ಸಭೆಯವರು ವರ್ಗಪತ್ರ ಕೊಡುತ್ತಾರೆ. ಕೊಟ್ಟ ದಿನವೇ ಅಲ್ಲಿಯ ರಜಿಸ್ಟರಿನಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತಾರೆ. ಹೊಸ ಸಭೆಯ ಸೆಕ್ರೆಟರಿ ಪತ್ರ ನೋಡಿ ತಮ್ಮ ರಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಆರು ತಿಂಗಳೊಳಗೆ ಬರೆದುಕೊಳ್ಳದಿದ್ದರೆ ಪತ್ರ ಸತ್ತಂತೆ. ನಮ್ಮ ಕಡೆ ಇದನ್ನು ಟಪಾಲಿಗೆ ಹಾಕುವ ರೂಢಿ ಇರಲಿಲ್ಲ. ಬೈಬಲ್ ಬಾಯಿಯೇ ಕೈಯಲ್ಲಿ ಒಯ್ದು, ಬಂದವರನ್ನು ನಿಲ್ಲಿಸಿ, ಇಂಥವರು ಎಂದು ಹೇಳಿ ಕೊಡಬೇಕು. ರಜಿಸ್ಟರಿನಲ್ಲಿ ಹೆಸರಿಲ್ಲದವರಿಗೆ ಹಿರಿಯರನ್ನು ಆರಿಸುವ ಹಕ್ಕಿಲ್ಲ, ಹಿರಿಯರಾಗುವ ಹಕ್ಕಿಲ್ಲ. ಸತ್ತರೆ ನಮ್ಮ ಮಣ್ಣಿನಲ್ಲಿ ಜಾಗವೂ ಕೇಳಿ ಪಡೆಯಬೇಕು.

ಅಂಥ ಒಂದು ಪತ್ರವನ್ನು ನಾನು ಕೊಡಲಿಲ್ಲ. ಕರುಣವ್ವನದು.

ಕರುಣವ್ವ ಮುಧೋಳದವಳು. ಗಂಡ ತೀರಿದ ಮೇಲೆ ಮಗನನ್ನು ಕರೆದುಕೊಂಡು ಬನಹಟ್ಟಿಯಲ್ಲಿದ್ದ ತನ್ನ ತಮ್ಮನ ಹತ್ತಿರ ಬಂದಳು. ಮಗ್ಗಕ್ಕೆ ಹಾಕುವ ನೂಲಿನ ಸಣ್ಣ ಸುರುಳಿ, ಕಂಡಿಕೆ, ಸುತ್ತುವ ಕೆಲಸ ಹಿಡಿದಳು. ದೊಡ್ಡ ದನಿ, ದೊಡ್ಡ ಕೈ. ಮುಧೋಳದಲ್ಲಿ ಬಸ್ ಹತ್ತುವಾಗ ಪತ್ರವನ್ನು ನನ್ನ ಚೀಲಕ್ಕೆ ತಾನೇ ತುರುಕಿದಳು.

“ಎಸ್ತೆರಕ್ಕ, ನನಗ ಓದಾಕ ಬರಾಂಗಿಲ್ಲ. ಏನ ಬರದಾರೋ ಏನೋ. ಕೆಟ್ಟದ್ದು ಬರದಿದ್ರ ಹರದ ಒಗಿ,” ಎಂದಳು.

“ಹರದ ಒಗದ್ರ ನೀ ಎಲ್ಲಿಯಾಕೀನೂ ಆಗಾಂಗಿಲ್ಲ,” ಎಂದು ನಾನೇ ಹೇಳಿದೆ. ಅದು ನನಗೆ ನೆನಪಿದೆ.

ಬನಹಟ್ಟಿ ಸಭೆಯ ಸೆಕ್ರೆಟರಿ ಸಾಮುವೇಲಪ್ಪನವರು. ನಾಲ್ಕು ಮಗ್ಗದ ಯಜಮಾನರು. ಕೆಟ್ಟ ಮನುಷ್ಯರಲ್ಲ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು ಅವರು. ನನಗೆ ರಜಿಸ್ಟರ್ ತುಂಬಲು ಗೆರೆ ಹಾಕಿ ಕಲಿಸಿದವರೂ ಅವರೇ. ಆ ವರ್ಷ ಹಿರಿಯರ ಆಯ್ಕೆಗೆ ಇನ್ನು ಎರಡು ವಾರ ಇತ್ತು. ಅವರ ಎದುರು ನಿಂತವನು ಕರುಣವ್ವನ ತಮ್ಮ. ಇಪ್ಪತ್ತು ಚಿಲ್ಲರೆ ಮನೆಗಳ ಸಭೆ. ಹಿಂದಿನ ಸಲ ಸಾಮುವೇಲಪ್ಪನವರು ಒಂದೇ ಕೈ ಹೆಚ್ಚು ಬಿದ್ದು ಗೆದ್ದಿದ್ದರು.

ನಾನು ಪತ್ರ ತೆಗೆದು ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

“ಎಸ್ತೆರವ್ವ, ಅದು ಇನ್ನೂ ನಿನ್ನ ಚೀಲದಾಗs ಇರ್ಲಿ. ಆಯ್ಕೆ ಮುಗೀಲಿ, ಮರುದಿನ ಬರಕೊಂತೀನಿ.”

“ಆಕಿ ಬಂದು ಕೇಳಿದ್ರ?”

“ಆಕಿ ಏನ ಕೇಳ್ತಾಳ? ಬಂದು ಕೂಡ್ತಾಳ, ಹಾಡ್ತಾಳ. ಬರಕೊಂಡಾರೋ ಇಲ್ಲೋ ಅಂತ ಯಾರರ ಪುಸ್ತಕ ತಗದ ನೋಡ್ತಾರೇನ?”

ಸರಿ ಎಂದು ಚೀಲ ಮುಚ್ಚಿದೆ. ದೊಡ್ಡವರು ಹೇಳಿದರು, ನಾನು ಕೇಳಿದೆ. ಆಯ್ಕೆಯ ದಿನ ಕರುಣವ್ವ ಕೈ ಎತ್ತಿದಾಗ ಸಾಮುವೇಲಪ್ಪನವರು “ನಿನ್ನ ಪತ್ರ ಇನ್ನಾ ಮುಟ್ಟಿಲ್ಲ ತಂಗಿ, ಈ ಸಲ ಬ್ಯಾಡ,” ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ಹಾಡಿನ ಪುಸ್ತಕದ ಪುಟ ತಿರುವಿದೆ. ಅವಳು ಕೈ ಇಳಿಸಿದಳು. ಸಾಮುವೇಲಪ್ಪನವರು ಗೆದ್ದರು, ಈ ಸಲ ಎರಡು ಕೈಯಲ್ಲಿ. ಅಂದರೆ ಅವಳದೊಂದು ಕೈ ಇದ್ದಿದ್ದರೂ ಗೆಲ್ಲುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮರುದಿನ ಅವರಿಗೆ ಜ್ವರ. ಆಮೇಲೆ ನನಗೆ ಬೀಳಗಿಯಲ್ಲಿ ಸಾಲು ಸಾಲು ಹೆರಿಗೆ. ಆಮೇಲೆ ಪಾಸ್ಟರ್ ಬಂದಾಗಲೆಲ್ಲ “ಕರುಣವ್ವನ ಹೆಸರು ಸೇರ್ತೋ ಇಲ್ಲೋ?” ಎಂದು ಕೇಳುತ್ತಾರೆಂದು ಕಾದೆ. ನಾಲ್ಕೂರು ತಿರುಗುವ ಮನುಷ್ಯ, ಕೇಳಲಿಲ್ಲ. ಆರು ತಿಂಗಳು ದಾಟಿತು. ಆಮೇಲೆ ಕೊಟ್ಟರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂಬ ಪ್ರಶ್ನೆ ಬರುತ್ತಿತ್ತು. ಪತ್ರವನ್ನು ಟ್ರಂಕಿನಲ್ಲಿ ಸೀರೆಯ ಮಡಿಕೆಯಲ್ಲಿ ಇಟ್ಟೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಆಮೇಲೆ ಒಂದು ದಿನ ಅವಳೇ ಕೇಳಿದಳು.

“ನನ್ನ ಕಾಗದ ಮುಟ್ಟೇತಲ್ಲ ಅಕ್ಕ?”

“ಹೂಂ,” ಎಂದೆ.

ಹೀಗೆ ಹನ್ನೆರಡು ವರ್ಷ. ನಡುವೆ ಬಂದ ಆಯ್ಕೆಗಳಲ್ಲಿ ಅವಳು ಕೈ ಎತ್ತಿದಳು, ಸಾಮುವೇಲಪ್ಪನವರು ಪುಸ್ತಕ ತೆಗೆಯದೆ ಎಣಿಸಿಕೊಂಡರು.

ಆ ಹನ್ನೆರಡು ವರ್ಷ ಬನಹಟ್ಟಿಯ ಸಭೆಯನ್ನು ಎತ್ತಿ ನಿಲ್ಲಿಸಿದವಳು ಕರುಣವ್ವ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು ಚಾಪೆ ಹಾಸುತ್ತಿದ್ದಳು. ಓದು ಬಾರದವಳು, ಮಕ್ಕಳಿಗೆ ಭಾನುವಾರದ ಶಾಲೆ ನಡೆಸಿದಳು. ನಾನು ಒಂದು ಸಲ ಓದಿ ಹೇಳಿದ ಕಥೆಯನ್ನು ಅವಳು ಮಕ್ಕಳಿಗೆ ಹೇಳಿದರೆ ನನಗೇ ಹೊಸದೆನಿಸುತ್ತಿತ್ತು. ನೋಹನ ಹೆಂಡತಿ ನಾವೆಯಲ್ಲಿ ಅಷ್ಟು ಪ್ರಾಣಿಗಳ ಸಗಣಿ ಹೇಗೆ ಬಳಿದಳು ಎಂಬುದು ಯಾವ ಸತ್ಯವೇದದಲ್ಲಿದೆ? ಕರುಣವ್ವನ ಕಥೆಯಲ್ಲಿತ್ತು. ಮಕ್ಕಳು ಅದಕ್ಕಾಗಿಯೇ ಬರುತ್ತಿದ್ದರು.

ಒಂದು ಸಲ ಕರ್ತನ ಭೋಜನದ ರೊಟ್ಟಿ ತರುವ ಕೆಲಸ ನನ್ನದಿತ್ತು. ಜಮಖಂಡಿಯ ಬೇಕರಿಯಿಂದ ಬ್ರೆಡ್ಡು ತರಬೇಕು. ಹಿಂದಿನ ದಿನ ಬೇರೆ ಕೆಲಸದ ಮೇಲೆ ಮಹಾಲಿಂಗಪುರಕ್ಕೆ ಹೋಗಿದ್ದೆ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಬೆಲ್ಲದ ಗಂಟುಗಳ ನಡುವೆ ಬ್ರೆಡ್ಡಿದ್ದ ಚೀಲ ಇಟ್ಟು ಬಸ್ಸಿಗೆ ಓಡಿದೆ. ಬಸ್ಸು ಸಿಕ್ಕಿತು, ಚೀಲ ಹೋಯಿತು. ಭಾನುವಾರ ಮುಂಜಾನೆ ಬನಹಟ್ಟಿಯಲ್ಲಿ ಪಾಸ್ಟರ್ ನಿಲುವಂಗಿ ತೊಟ್ಟು ನಿಂತಿದ್ದಾರೆ, ಮೇಜಿನ ಮೇಲೆ ಬಟ್ಟಲಿದೆ, ರೊಟ್ಟಿಯಿಲ್ಲ. ಭಾನುವಾರ ಹತ್ತಿರದ ಅಂಗಡಿಯೂ ಮುಚ್ಚಿತ್ತು. ಕರುಣವ್ವ ಮನೆಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ತಂದಳು. ಇನ್ನೂ ಬಿಸಿಯಿತ್ತು.

“ಜ್ವಾಳದ್ದು ನಡೀತೈತೇನ್ರಿ?” ಎಂದು ಸಾಮುವೇಲಪ್ಪನವರು ಪಾಸ್ಟರನ್ನು ಕೇಳಿದರು.

ಪಾಸ್ಟರ್ ಬಾಯಿ ತೆರೆಯುವುದರೊಳಗೆ ಕರುಣವ್ವ, “ಕರ್ತ ನಮ್ಮೂರಾಗ ಹುಟ್ಟಿದ್ರ ಏನ ತಿಂತಿದ್ದ? ಬ್ರೆಡ್ಡಾ?” ಎಂದಳು.

ಪಾಸ್ಟರ್ ನಕ್ಕು ರೊಟ್ಟಿ ಮುರಿದರು. ಜೋಳದ ರೊಟ್ಟಿ ಮುರಿದರೆ ಸದ್ದಾಗುತ್ತದೆ. ಎಲ್ಲರೂ ಆ ಸದ್ದು ಕೇಳಿದೆವು. ಇಡೀ ಸಭೆ ಅವಳ ಕೈಯ ರೊಟ್ಟಿ ತಿಂದಿತು. ಆ ದಿನ ಆ ಕೋಣೆಯಲ್ಲಿ ರಜಿಸ್ಟರಿನಲ್ಲಿ ಇಲ್ಲದವಳು ಅವಳೊಬ್ಬಳೇ. ಅದು ಗೊತ್ತಿದ್ದವರು ನಾವಿಬ್ಬರೇ, ನಾನು ಮತ್ತು ಸಾಮುವೇಲಪ್ಪನವರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ವರ್ಷದ ಮೇಲೆ ಸಾಮುವೇಲಪ್ಪನವರ ಹೆಂಡತಿ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆ. ಸೊಸೆಯಂದಿರು ಅಸಹ್ಯಪಟ್ಟುಕೊಂಡ ಕೆಲಸಗಳನ್ನೆಲ್ಲ ಕರುಣವ್ವ ಮಾಡಿದಳು. ಮುಂಜಾನೆ ಕಂಡಿಕೆ, ಮಧ್ಯಾಹ್ನ ಆ ಮನೆ. ಆ ಅಮ್ಮ ತೀರಿದಾಗ ಮೈ ತೊಳೆದದ್ದು ನಾನು ಮತ್ತು ಅವಳು. ಮಣ್ಣು ಮುಗಿದ ಮೂರನೆಯ ದಿನ ಸಾಮುವೇಲಪ್ಪನವರು ನನ್ನನ್ನು ಮಗ್ಗದ ಕೋಣೆಯ ಹೊರಗೆ ಕರೆದರು.

“ಆ ಕಾಗದ ಐತೇನ ಇನ್ನಾ?”

“ಐತ್ರಿ.”

“ತಂದು ಕೊಡು. ಬರಕೊಂಡ ಬಿಡ್ತೀನಿ. ನನಗ ನಿದ್ದಿ ಬರವಲ್ದು.”

ಇಲ್ಲಿ ಓದುವ ಹುಡುಗಿಯರು ಸ್ವಲ್ಪ ನಿಲ್ಲಬೇಕು. ತಡೆದಿಡು ಎಂದವರು ಅವರು. ಆದರೆ ಕೊಡು ಎಂದವರೂ ಅವರೇ. ಕೊಡದವಳು ನಾನು.

“ಈಗ್ಯಾಕ್ರೀ ಮತ್ತ?” ಎಂದೆ. “ತಾರೀಖ ಹೋಗೇತಿ. ಮ್ಯಾಲಿನವರು ಕೇಳ್ತಾರ. ನಿಮ್ಮದೂ ಮಾನ ಹೋಗ್ತೈತಿ, ನನ್ನದೂ ಹೋಗ್ತೈತಿ. ಆಕಿಗೇನ ಕಡಿಮಿ ಆಗೇತಿ? ಎಲ್ಲಾರೂ ಆಕೀನ ನಮ್ಮಾಕಿ ಅಂತಾರ.”

 ಅವರು ಒಳಗೆ ಹೋದರು. ಮಗ್ಗ ಶುರುವಾಯಿತು.

ಈಗ ಹೊಸ ಪಾಸ್ಟರ್ ಬಂದದ್ದನ್ನು ಹೇಳಬೇಕು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೂವತ್ತು ತುಂಬಿದೆಯೋ ಇಲ್ಲವೋ ಎಂಬ ಹುಡುಗ. ನನ್ನನ್ನು ಅವ್ವ ಎಂದು ಕರೆಯುತ್ತಿದ್ದ. ಅವನಿಗೆ ನಾನು ಅಯ್ಯನವರ ಎನ್ನುತ್ತಿದ್ದೆ. ಬಂದ ಕೂಡಲೇ ನಾಲ್ಕೂ ಊರಿನ ರಜಿಸ್ಟರ್ ತರಿಸಿ ಕಂಪ್ಯೂಟರಿಗೆ ಏರಿಸಲು ಕುಳಿತ. ಅದೇ ತಿಂಗಳು ಬಿಷಪ್ಪರ ಕಡೆಯಿಂದ ಆದೇಶ ಇಳಿಯಿತು. ಇನ್ನು ಮುಂದೆ ಪ್ರತಿ ಊರಿನ ಹಿರಿಯರಲ್ಲಿ ಒಬ್ಬಳಾದರೂ ಹೆಂಗಸು ಇರಬೇಕು.

ಬನಹಟ್ಟಿಯಲ್ಲಿ ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಕರೆಂಟು ಹೋದಾಗ ಓಣಿಯ ಕಟ್ಟೆಯ ಮೇಲೆ ಎಲ್ಲ ಹೆಂಗಸರದೂ ಒಂದೇ ಮಾತು. ಕರುಣವ್ವ ಮೇಲಿಂದ ಮೇಲೆ ಬೇಡ ಎನ್ನುತ್ತಿದ್ದಳು, ಒಳಗೆ ಆಸೆಯಿತ್ತು. ನನ್ನ ಹತ್ತಿರ ಬಂದು, “ಎಸ್ತೆರಕ್ಕ, ಹಿರೇರ ಸಹಿ ಮಾಡಬೇಕಂತಲ್ಲ. ನನಗ ಹೆಸರ ಬರಿಯಾಕ ಕಲಿಸು,” ಎಂದಳು. ಐವತ್ತೇಳರ ಹೆಂಗಸು. ಹಳೆಯ ಕ್ಯಾಲೆಂಡರಿನ ಹಿಂದೆ ನಾನು ಅವಳ ಹೆಸರು ಬರೆದುಕೊಟ್ಟೆ, ಅವಳು ತಿದ್ದಿದಳು. ಒಂದು ವಾರ ಕಲಿಸಿದೆ. ಒಂದು ವಾರವೂ ಬಾಯಿ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಹೆಸರು ಹೇಗಾದರೂ ಸೇರಿಕೊಳ್ಳುತ್ತದೆ ಎಂದು ನನ್ನ ಬುದ್ಧಿ. ಬರೆದದ್ದನ್ನಷ್ಟೇ ಅದು ಓದುತ್ತದೆ ಎಂದು ನನಗೇನು ಗೊತ್ತು?

ಆಯ್ಕೆಗೆ ಎರಡು ವಾರ ಮೊದಲು ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಪಟ್ಟಿ ಓದಿದ. ಮನೆ ಮನೆಯ ಹೆಸರು. ಕರುಣವ್ವನ ಮಗ ಇದ್ದ. ಅವನು ಹದಿನೈದು ತುಂಬಿದ ಮೇಲೆ ಇಲ್ಲಿಯೇ ಸ್ಥಿರೀಕರಣ ಆಗಿ ಸಭೆಗೆ ಸೇರಿದವನು. ಸೊಸೆ ಇದ್ದಳು. ಇಲ್ಲಿಯೇ ದೀಕ್ಷಾಸ್ನಾನ ಆದ ಮೊಮ್ಮಗಳು ಇದ್ದಳು. ಕರುಣವ್ವ ಇರಲಿಲ್ಲ.

“ನಂದು ಬಿಟ್ರಿ ಅಯ್ಯನವರ,” ಎಂದಳು ಅವಳು, ನಗುತ್ತ.

ಪಾಸ್ಟರ್ ಹಾಳೆ ತಿರುವಿದ. “ಅವ್ವ, ನಿಮ್ಮ ಹೆಸರು ಬನಹಟ್ಟಿ ರಜಿಸ್ಟರಿನಾಗ ಎಲ್ಲಿಯೂ ಇಲ್ಲ. ಮುಧೋಳದಾಗ ನೋಡಿದೆ. ಅಲ್ಲಿ ಹೊಡದು ಹಾಕ್ಯಾರ. ವರ್ಗಪತ್ರ ಕೊಟ್ಟೇವಿ ಅಂತ ಬರದಾರ. ಅದು ಇಲ್ಲಿಗೆ ಬಂದs ಇಲ್ಲ.”

“ಬಂದೈತಿ,” ಎಂದಳು ಕರುಣವ್ವ. “ಎಸ್ತೆರಕ್ಕನ ಕೈಯಾಗ ಕೊಟ್ಟೀನಿ. ಮುಟ್ಟೇತಿ ಅಂತ ಆಕಿನs ಹೇಳ್ಯಾಳ. ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವಳ ಮುಖದಲ್ಲಿ ಒಂದು ಚೂರೂ ಸಂಶಯವಿರಲಿಲ್ಲ. ನಾನು ಹೇಳಿದರೆ ಮುಗಿಯಿತು ಎಂಬಂತೆ ನೋಡುತ್ತಿದ್ದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಎದ್ದು ನಿಂತೆ. “ಮುಟ್ಟಿಲ್ರಿ,” ಎಂದೆ. “ನನ್ನ ಟ್ರಂಕಿನಾಗ ಐತಿ. ನಾನs ಕೊಟ್ಟಿಲ್ಲ.”

“ಯಾಕ ಅವ್ವ?” ಎಂದ ಪಾಸ್ಟರ್.

“ಕೊಡ್ಲಿಲ್ಲ, ಅಷ್ಟs. ನಂದs ತಪ್ಪು.”

ಗಂಡಸರ ಕಡೆಯಿಂದ ಕೋಲಿನ ಸದ್ದು. ಸಾಮುವೇಲಪ್ಪನವರು ಏಳಲು ಒದ್ದಾಡುತ್ತಿದ್ದರು. ಎದ್ದರು. “ಪ್ರಾರ್ಥನಾ ಜಾಗಾದಾಗ ಸುಳ್ಳು ಹೇಳಬ್ಯಾಡ ಎಸ್ತೆರವ್ವ. ತಡದಿಡು ಅಂದಾವ ನಾನು,” ಎಂದರು. ಆಮೇಲೆ ಕರುಣವ್ವನ ಕಡೆ ತಿರುಗಿದರು. ಕುಳಿತುಬಿಟ್ಟರು.

ಮಧ್ಯಾಹ್ನದ ಬಸ್ಸಿಗೆ ಜಮಖಂಡಿಗೆ ಹೋಗಿ, ಟ್ರಂಕು ತೆಗೆದು, ಸಂಜೆಯೊಳಗೆ ಪತ್ರ ತಂದೆ. ಮಡಿಕೆಯ ಕಡೆ ಹರಿದಿತ್ತು. ಕರುಣವ್ವನ ಮನೆಯ ಪಡಸಾಲೆಯಲ್ಲಿ ಪಾಸ್ಟರ್ ಕಾಯುತ್ತಿದ್ದ. ಅವಳು ಗೋಡೆಗೆ ಒರಗಿ ಕುಳಿತಿದ್ದಳು.

“ಏನ ಬರದೈತಿ ಓದ್ರಿ,” ಎಂದಳು.

ಅಚ್ಚಾದ ನಮೂನೆ. ಕೆಳಗೆ ಮುಧೋಳದ ಸೆಕ್ರೆಟರಿ ಪೆನ್ನಿನಲ್ಲಿ ಬರೆದಿದ್ದ. ಅವನಿಗೂ ಕರುಣವ್ವನಿಗೂ ಒಂದು ಭಾನುವಾರವೂ ಜಗಳ ತಪ್ಪಿದ್ದಿಲ್ಲ. ಪಾಸ್ಟರ್ ಓದಿದ: “ಈ ಸಹೋದರಿಯ ಬಾಯಿ ಜೋರು. ಮನೆಗೆ ಬಂದವರನ್ನು ಹಸಿದು ಕಳಿಸಿದವಳಲ್ಲ. ಇವಳು ಹೋಗುವುದರಿಂದ ನಮ್ಮ ಸಭೆಗೆ ನಷ್ಟ. ನಿಮ್ಮವಳೆಂದು ಸೇರಿಸಿಕೊಳ್ಳಿರಿ.”

“ಇನ್ನೊಮ್ಮೆ ಓದ್ರಿ.”

ಓದಿದ.

“ಇದನ್ನ ಆ ಮುದಕ ಬರದಾನ?” ಎಂದಳು. “ಅಂವ ಸತ್ತು ಆರು ವರ್ಷ ಆತು. ಒಂದು ಮಾತ ಛಲೋ ಆಡ್ಲಿಲ್ಲ ಅಂತ ಅಂವನ ಮಣ್ಣಿಗೂ ನಾ ಹೋಗಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು: “ಮುಧೋಳದವರು ಹೊಡದು ಹಾಕ್ಯಾರ. ಇಲ್ಲಿಯವರು ಬರಕೊಂಡಿಲ್ಲ. ಈ ಹನ್ನೆರಡು ವರ್ಷದಾಗ ನಾ ಸತ್ತಿದ್ದರ ಯಾವ ಸಭಾದಾಕಿ ಅಂತ ಮಣ್ಣ ಮಾಡತಿದ್ರಿ?”

ಪಾಸ್ಟರ್ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ. 

ಅವನು ವಲಯದ ಕಚೇರಿಗೆ ಬರೆದ. ಸತ್ತ ಪತ್ರದ ಮೇಲೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಉತ್ತರ ಬಂತು. ಮುಧೋಳದವರಿಂದ ಹೊಸ ಪತ್ರ ಕೇಳಿದ. ನಮ್ಮಲ್ಲಿ ಇಲ್ಲದವಳಿಗೆ ನಾವು ಪತ್ರ ಕೊಡುವುದು ಹೇಗೆ ಎಂದರು ಅವರು. ಹೇಳಿದ್ದರಲ್ಲಿ ತಪ್ಪಿಲ್ಲ. ಉಳಿದ ದಾರಿ ಒಂದೇ. ಹೊಸದಾಗಿ ಬಂದವರಂತೆ ಸಭೆಯ ಮುಂದೆ ನಿಂತು, ಪ್ರಶ್ನೆಗಳಿಗೆ ಉತ್ತರ ಹೇಳಿ, ಒಬ್ಬರು ಸಾಕ್ಷಿಯಾಗಿ ನಿಂತ ಮೇಲೆ ಹೆಸರು ಬರೆಯಬಹುದು. ಅಷ್ಟರಲ್ಲಿ ಆಯ್ಕೆಯ ದಿನ ಬಂದು ಹೋಯಿತು. ಹಿರಿಯಳಾಗಿ ಬೇರೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಡಿಗ್ರಿ ಓದಿದವಳು. ಕರುಣವ್ವ ಆಗಲಿಲ್ಲ. ಮುಂದೆಯೂ ಆಗಲಿಲ್ಲ, ಮೂರು ವರ್ಷದ ಮೇಲೆ ಕೇಳಿದಾಗ “ನನ್ನ ಮೊಣಕಾಲು ಹೋಗ್ಯಾವ, ಬ್ಯಾಡ,” ಎಂದಳು. ಅದಕ್ಕೆ ನಾನೇ ಕಾರಣ. ಇದನ್ನು ಸಮಾಧಾನದ ಮಾತಿನಿಂದ ಮುಚ್ಚಲು ನಾನು ಇಷ್ಟು ಬರೆಯುತ್ತಿಲ್ಲ.

ನನಗೇನಾಯಿತು ಎಂದು ಹುಡುಗಿಯರು ಕೇಳಬಹುದು. ಕಮಿಟಿಯವರು ಕರೆಸಿದರು, ಬೈದರು, ಎರಡು ತಿಂಗಳು ಬನಹಟ್ಟಿಗೆ ಹೋಗಬೇಡ ಎಂದರು. ಸಾಮುವೇಲಪ್ಪನವರು ತಾವೇ ಸೆಕ್ರೆಟರಿ ಕೆಲಸ ಬಿಟ್ಟರು. ಹೋಗಬೇಡ ಎಂದರೂ ಹೋದೆ. ಆ ಒಂದು ಸಲ ಮೇಲಿನವರ ಮಾತು ಕೇಳಲಿಲ್ಲ. ಕರೆಂಟು ಹೋಗುವ ಹೊತ್ತು ನೋಡಿ ಕರುಣವ್ವನ ಬಾಗಿಲಿಗೆ ನಿಂತೆ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲಿದ್ದರು. ಅವಳು ಒಳಗೆ ಕೈರಾಟೆ ತಿರುಗಿಸುತ್ತಿದ್ದಳು. ಅದಕ್ಕೆ ಕರೆಂಟು ಬೇಡ.

“ಕೆಲಸ ಐತಿ,” ಎಂದಳು, ತಲೆ ಎತ್ತದೆ.

ಮುಂದಿನ ವಾರವೂ ಹೋದೆ. “ಕೆಲಸ ಐತಿ.” ಅದರ ಮುಂದಿನ ವಾರವೂ. ಐದನೆಯ ವಾರ ನಾನು ಹೊಸ್ತಿಲ ಹೊರಗೇ ಕುಳಿತು ಬುಟ್ಟಿಯಲ್ಲಿದ್ದ ಖಾಲಿ ಕಂಡಿಕೆಗಳನ್ನು ಅವಳ ಕೈಗೆ ಸಿಗುವಂತೆ ಒಂದೊಂದೇ ಸರಿಸತೊಡಗಿದೆ. ಬೇಡ ಎನ್ನಲಿಲ್ಲ. ಬುಟ್ಟಿ ಖಾಲಿಯಾಗುತ್ತ ಬಂದಾಗ ಮಾತಾಡಿದಳು.

“ಅವತ್ತ ನಾ ಕೇಳಿದಾಗ ಹೂಂ ಅಂದೆಲ್ಲ. ಸಾಮುವೇಲಪ್ಪ ತಡಿ ಅಂದ, ನೀ ತಡದಿ, ಅದು ತಿಳೀತೈತಿ ನನಗ. ಅಂವ ದೊಡ್ಡಾಂವ, ನೀ ಸಣ್ಣಾಕಿ. ಹೂಂ ಅಂತ ಯಾರ ಹೇಳಂದ್ರು ನಿನಗ?”

“ಯಾರೂ ಅನ್ನಲಿಲ್ಲ.”

“ಹಂಗಾರ ಅದು ನಿಂದು.”

“ನಂದು.”

ಕರೆಂಟು ಬಂತು. ಇಡೀ ಓಣಿಯ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದವು. ಅವಳು ಮತ್ತೇನೋ ಅಂದಳು, ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳು ಎಂದು ಕೇಳುವ ಧೈರ್ಯ ಆಗಲಿಲ್ಲ. ಎದ್ದು ಬಂದೆ.

ಹೆಸರು ಸೇರಿಸುವ ದಿನ ಬಿಷಪ್ಪರು ಬರುವುದಿತ್ತು. ನಾಲ್ವರು ಹುಡುಗ ಹುಡುಗಿಯರ ಸ್ಥಿರೀಕರಣ. ಅಂದರೆ ಹದಿನೈದು ತುಂಬಿದ ಮಕ್ಕಳು ತಾವೇ ಬಾಯಿಬಿಟ್ಟು ನಂಬಿಕೆ ಹೇಳಿ ಸಭೆಗೆ ಸೇರುವ ದಿನ. ಪಾಸ್ಟರಿಗೆ ಸಂಕೋಚ. ಮಕ್ಕಳ ಜೊತೆ ನಿಲ್ಲುವುದು ಬೇಡ, ಮನೆಯಲ್ಲೇ ಪ್ರಶ್ನೆ ಕೇಳಿ ಮುಗಿಸುತ್ತೇನೆ ಎಂದ.

“ಕದ್ದು ಮುಚ್ಚಿ ಸೇರಾಕ ನಾ ಏನ ಕದ್ದೀನಿ?” ಎಂದಳಂತೆ ಕರುಣವ್ವ. “ಎಲ್ಲಾರ ಮುಂದs ನಿಲ್ತೀನಿ.”

ನಿಂತಳು. ಬಿಳಿ ಬಟ್ಟೆಯ ನಾಲ್ಕು ಮಕ್ಕಳು, ಐದನೆಯವಳಾಗಿ ಹಸಿರು ಇಳಕಲ್ ಸೀರೆಯ ಕರುಣವ್ವ. ನಾಲ್ವರಿಗೂ ಭಾನುವಾರದ ಶಾಲೆಯಲ್ಲಿ ಕಲಿಸಿದವಳು ಅವಳೇ. ಬಿಷಪ್ಪರು ಸರದಿಯ ಪ್ರಕಾರ ಪ್ರಶ್ನೆ ಕೇಳುತ್ತ ಬಂದರು. ಮೂರನೆಯ ಹುಡುಗಿ ಉತ್ತರದ ನಡುವೆ ತಡೆದು ನಿಂತಳು, ಕಣ್ಣಲ್ಲಿ ನೀರು ತುಂಬಿತು. ಕರುಣವ್ವ ಎದುರಿನ ಗೋಡೆ ನೋಡುತ್ತಲೇ ತುಟಿ ಅಲುಗಿಸದೆ ಮುಂದಿನ ಮಾತು ಹೇಳಿಕೊಟ್ಟಳು. ತುಟಿ ಅಲುಗಲಿಲ್ಲ ಎಂದು ಅವಳ ಎಣಿಕೆ. ಅವಳ ದನಿ ಹಿಂದಿನ ಸಾಲಿಗೂ ಕೇಳಿಸಿತು. ಬಿಷಪ್ಪರು ಕೆಮ್ಮಿದರು, ಮುಂದಿನವರಿಗೆ ಹೋದರು.

ಅವಳ ಸರದಿ ಬಂತು. ಉತ್ತರಗಳನ್ನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಆಮೇಲೆ ಪಾಸ್ಟರ್ ಪುಸ್ತಕ ನೋಡಿ ಓದಿದ: “ಈ ಸಹೋದರಿಯ ನಡತೆಯನ್ನು ಬಲ್ಲವರು, ಸಾಕ್ಷಿಯಾಗಿ ನಿಲ್ಲುವವರು ಯಾರು?”

ಸೊಸೆ ಏಳಲು ಹೊರಟಳು. ತಮ್ಮ ಎದ್ದೇ ಬಿಟ್ಟಿದ್ದ. ಕರುಣವ್ವ ತಿರುಗಿ ನೋಡಿದಳು. “ನೀವು ಕೂಡ್ರಿ,” ಎಂದಳು. “ಎಸ್ತೆರಕ್ಕ ನಿಲ್ತಾಳ.”

ನಾನು ಬಾಗಿಲ ಹತ್ತಿರ, ಹೆಂಗಸರ ಚಾಪೆಯ ತುದಿಯಲ್ಲಿ ಕುಳಿತಿದ್ದೆ. ಎದ್ದೆ. ಹೇಳಲು ಏನೂ ಸಿದ್ಧ ಮಾಡಿಕೊಂಡಿರಲಿಲ್ಲ.

“ಈಕೀನ ನೀವು ಬಲ್ಲಿರಾ?” ಎಂದರು ಬಿಷಪ್ಪರು.

“ಬಲ್ಲೇನ್ರಿ.”

“ಎಷ್ಟು ವರ್ಷದಿಂದ?”

ನಾನು ಲೆಕ್ಕ ಹಾಕಲು ಹೋದೆ. ಬಾಯಿಗೆ ಬಂದದ್ದು ಬೇರೆ. “ಈಕಿ ಇಲ್ಲಿಯಾಕೀನs ಅದಾಳ್ರಿ. ಈಗ ಬಂದಾಕಿ ಅಲ್ಲ. ಅದನ್ನೊಂದ ಬರಕೊಳ್ರಿ.”

ಹಾಗೆ ಬರೆದುಕೊಳ್ಳಲು ರಜಿಸ್ಟರಿನಲ್ಲಿ ಜಾಗವಿರಲಿಲ್ಲ. ಆ ದಿನದ ತಾರೀಖು ಹಾಕಿ, ನಾಲ್ಕು ಮಕ್ಕಳ ಕೆಳಗೆ, ಐದನೆಯದಾಗಿ ಹೆಸರು ಬರೆದರು. ಪುಸ್ತಕದ ಪ್ರಕಾರ ಅವಳು ತನ್ನ ಮೊಮ್ಮಗಳಿಗಿಂತ ಈ ಸಭೆಗೆ ಹೊಸಬಳು. ಪಾಸ್ಟರ್ ಪೆನ್ನು ಕೊಟ್ಟ. ಬಿಷಪ್ಪರು ಕಾಯುತ್ತಿರುವಂತೆಯೇ ಅವಳು ಬಗ್ಗಿ, ನಿಧಾನಕ್ಕೆ, ತನ್ನ ಹೆಸರಿನ ಮುಂದೆ ತನ್ನ ಹೆಸರು ಬರೆದಳು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತರು. ಅವಳಿಗೂ ಅಲ್ಲಿ ಒಂದು ಕುರ್ಚಿ ಇಟ್ಟಿದ್ದರು. ಅವಳು ಅದನ್ನು ದಾಟಿ, ಹೆಂಗಸರ ನಡುವೆ ಕಾಲಿಡಲು ಜಾಗ ಹುಡುಕುತ್ತ, ಬಾಗಿಲ ತನಕ ಬಂದಳು. ನನ್ನ ಹತ್ತಿರ ನಿಂತಳು.

“ಜರಗು ಅತ್ತಾಗ,” ಎಂದಳು.

ಜರುಗಿ ಕುಳಿತೆ.